ಒಂದು ತೂತಿನ ಸುತ್ತು ಹರಿದರೆ ಇಂಜಿನ್ನಿನ ಹೆಡ್ಡನ್ನೇ ಎಸೆಯಬೇಕೆ?

ಕಂಬಕ್ಕೆ ಸುತ್ತಿದ ಇಳಿಜಾರೇ ತಿರುಪು ಎಂದು ನಾವು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತ ಬಂದಿದ್ದೇವೆ. ಕಾಗದದ ತ್ರಿಕೋನವೊಂದನ್ನು ಪೆನ್ಸಿಲಿಗೆ ಸುತ್ತಿ ತೋರಿಸುವುದೂ ಉಂಟು. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸಿ ಅಂಕ ಪಡೆಯುತ್ತಾರೆ. ಹೀಗೆ ತಿರುಪಿನ ತತ್ತ್ವವನ್ನು ಬೋಧಿಸುವ ನಾವೇ ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಹಳೆಯ ಮಾರುತಿ 800 ಕಾರಿನ ಸ್ಪಾರ್ಕ್ ಪ್ಲಗ್ಗುಗಳನ್ನು ಸ್ವಂತ ಕೈಯಿಂದ ಬದಲಾಯಿಸಲು ಹೊರಟು, ಮೂರು ಸಿಲಿಂಡರುಗಳ ಪೈಕಿ ನಡುವಿನದರ ತೂತನ್ನು ಕೆಡಿಸಿದೆವು. ತಪ್ಪು ಕಾರಿನದಲ್ಲ, ಪ್ಲಗ್ಗಿನದೂ ಅಲ್ಲ, ಸಂಪೂರ್ಣವಾಗಿ ನಮ್ಮದು.

ನಡೆದದ್ದು ಇಷ್ಟು. ಪ್ಲಗ್ಗು ಮೊದಲ ಸುತ್ತಿನಲ್ಲಿಯೇ ತುಸು ಓರೆಯಾಗಿ ಕಚ್ಚಿಕೊಂಡಿತು. ಬಿಗಿಯಾಗಿ ತಿರುಗುತ್ತಿದ್ದುದನ್ನು ಕಂಡು, ಹೊಸ ಪ್ಲಗ್ಗಲ್ಲವೆ, ಬಿಗಿಯಿರುವುದು ಸಹಜವೆಂದು ಭಾವಿಸಿದೆವು. ಸ್ಪ್ಯಾನರಿನ ಹಿಡಿಗೆ ಕೊಳವೆಯೊಂದನ್ನು ತೊಡಿಸಿ ಸನ್ನೆಯನ್ನು ಉದ್ದಮಾಡಿಕೊಂಡೆವು. ಆ ಕ್ಷಣದಲ್ಲಿ ನಮಗೆ ಆರ್ಕಿಮಿಡೀಸನ ನೆನಪಾಗಿ ಸ್ವಲ್ಪ ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳಬೇಕು. ಇನ್ನೂ ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಕೈಗೆ ತೋರುತ್ತಿದ್ದ ತಡೆಯೆಲ್ಲ ಒಮ್ಮೆಗೇ ಮಾಯವಾಗಿ, ಸ್ಪ್ಯಾನರು ಬೆಣ್ಣೆಯಲ್ಲಿ ಸುತ್ತಿದಂತೆ ಸುತ್ತಿತು. ಪ್ಲಗ್ಗನ್ನು ಹೊರಕ್ಕೆ ತೆಗೆದಾಗ ಅದರ ಸುತ್ತುಗಳ ನಡುವೆ ಬೆಳ್ಳಿಯ ಎಳೆಗಳಂತೆ ಅಲ್ಯೂಮಿನಿಯಂ ಚೂರುಗಳು ಸಿಕ್ಕಿಕೊಂಡಿದ್ದವು.

ಹತ್ತಿರದ ಗ್ಯಾರೇಜಿನ ತರುಣನು ಟಾರ್ಚಿನ ಬೆಳಕು ಬಿಟ್ಟು ನೋಡಿ, "ಥ್ರೆಡ್ ಹೋಗಿದೆ ಸಾರ್. ಹೆಡ್ಡೇ ಬದಲಾಯಿಸಬೇಕು. ಸರಿಮಾಡಿಸಿದರೂ ನಿಲ್ಲುವುದಿಲ್ಲ" ಎಂದನು. ಹೆಡ್ಡು ಎಂದರೆ ಸಿಲಿಂಡರುಗಳಿಗೆ ಮೇಲ್ಮುಚ್ಚಳದಂತಿರುವ ಅಲ್ಯೂಮಿನಿಯಂ ಎರಕ. ಕವಾಟಗಳೂ ಪ್ಲಗ್ಗುಗಳೂ ಕೂಡುವುದು ಅದರಲ್ಲಿಯೇ. 14 ಮಿಲಿಮೀಟರು ಅಗಲದ ಒಂದು ತೂತಿಗಾಗಿ ಅಷ್ಟನ್ನೂ ತೆಗೆದೊಗೆಯುವುದೆ? ನಾವು ತಲೆತಗ್ಗಿಸಿ ಒಪ್ಪಿಬಿಡುವವರಿದ್ದೆವು. ಅದೇ ಬೀದಿಯಲ್ಲಿ ಲೇತು ಯಂತ್ರ ಇಟ್ಟುಕೊಂಡಿರುವ ಹಿರಿಯರೊಬ್ಬರು ವಿಷಯ ಕೇಳಿ ನಕ್ಕರು. "ಮೇಷ್ಟ್ರೇ, ಒಂದು ಹಲ್ಲು ಹೋದದ್ದಕ್ಕೆ ದವಡೆ ತೆಗೆಸುವವರುಂಟೆ? ಉಕ್ಕಿನ ಸುರುಳಿ ಹಾಕಿಕೊಡುತ್ತೇನೆ, ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಅದೇಕೆ ಗಟ್ಟಿ ಎಂದು ಮಾತ್ರ ನನ್ನನ್ನು ಕೇಳಬೇಡಿ. ಓದಿದವರು ನೀವು, ನೀವೇ ಹೇಳಬೇಕು" ಎಂದರು. ಆ ಹೊತ್ತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನವು ಅವರಿಗೆ ತಡವಾಗಿ ಕೊಡುತ್ತಿರುವ ಉತ್ತರ. ಅದರೊಡನೆ, ಸರಿಪಡಿಸಿದ ವಸ್ತುವು ಹೊಸದಕ್ಕಿಂತ ಕೀಳೆಂದು ಪರೀಕ್ಷಿಸದೆ ನಂಬುವ ಅಭ್ಯಾಸವನ್ನು ಕುರಿತು, ವಿಶೇಷವಾಗಿ ಭೌತವಿಜ್ಞಾನ ಕಲಿತವರಲ್ಲಿ ಅದು ಉಳಿದಿರುವುದನ್ನು ಕುರಿತು, ನಮ್ಮ ಆಕ್ಷೇಪಣೆಯೂ ಹೌದು.

ಮೊದಲು ಪ್ಲಗ್ಗಿನ ಮೇಲೆ ಬೀಳುವ ಬಲಗಳನ್ನು ನೋಡೋಣ. ಈ ಕಾರಿನ ಪ್ಲಗ್ಗಿನ ತಿರುಪು 14 ಮಿಲಿಮೀಟರು ವ್ಯಾಸದ್ದು. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 1.25 ಮಿಲಿಮೀಟರು ಅಂತರ. ತಿರುಪಿನ ಉದ್ದ 19 ಮಿಲಿಮೀಟರು. ಎಂದರೆ ಸುಮಾರು ಹದಿನೈದು ಸುತ್ತುಗಳ ಹಿಡಿತ. ಇಂಜಿನ್ನು ಪೂರ್ಣ ಶಕ್ತಿಯಿಂದ ದುಡಿಯುವಾಗ ಉರಿಯುವ ಅನಿಲದ ಒತ್ತಡವು ವಾಯುಮಂಡಲದ ಒತ್ತಡದ ಐವತ್ತು ಪಟ್ಟಿನಷ್ಟಾಗುವುದುಂಟು. 14 ಮಿಲಿಮೀಟರಿನ ವೃತ್ತದ ಮೇಲೆ ಈ ಒತ್ತಡವನ್ನು ಲೆಕ್ಕಹಾಕಿದರೆ ಸುಮಾರು 770 ನ್ಯೂಟನ್ ಬಲ ಬರುತ್ತದೆ. ಒಬ್ಬ ದಷ್ಟಪುಷ್ಟ ಮನುಷ್ಯನ ತೂಕದಷ್ಟು ಎನ್ನಬಹುದು. ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಆ ಮನುಷ್ಯನು ಸೆಕೆಂಡಿಗೆ ಇಪ್ಪತ್ತೈದು ಬಾರಿ ಕೆಳಗಿನಿಂದ ಪ್ಲಗ್ಗನ್ನು ಒದೆಯುತ್ತಿರುತ್ತಾನೆ.

ಇದನ್ನು ಕೇಳಿದವರು, ಹಾಗಾದರೆ ಸುತ್ತುಗಳನ್ನು ಹರಿಯುವುದು ಈ ಒದೆತವೇ ಇರಬೇಕು ಎನ್ನುತ್ತಾರೆ. ಅಲ್ಲ. ಇಂಥ ಪ್ಲಗ್ಗನ್ನು ಅಲ್ಯೂಮಿನಿಯಂ ಹೆಡ್ಡಿನಲ್ಲಿ 25ರಿಂದ 30 ನ್ಯೂಟನ್-ಮೀಟರು ತಿರುಗುಬಲದಿಂದ ಬಿಗಿಯಬೇಕೆಂದು ತಯಾರಕರ ಸೂಚನೆ. ಗ್ಯಾರೇಜಿನಲ್ಲಿ ಇದಕ್ಕೆ ಟಾರ್ಕ್ ಎಂದು ಹೆಸರು. ಹೀಗೆ ಬಿಗಿದಾಗ ಪ್ಲಗ್ಗಿನ ಉಕ್ಕಿನ ಮೈ ರಬ್ಬರಿನಂತೆಯೇ, ಆದರೆ ಕಣ್ಣಿಗೆ ಕಾಣದಷ್ಟು, ಹಿಗ್ಗಿ ಸುತ್ತುಗಳನ್ನು ಎಳೆದು ಹಿಡಿಯುತ್ತದೆ. ಈ ಎಳೆತ ಎಷ್ಟು? ಪಠ್ಯಪುಸ್ತಕದಲ್ಲಿರುವಂತೆ ಘರ್ಷಣೆ ಇಲ್ಲವೆಂದು ಭಾವಿಸಿ ಲೆಕ್ಕ ಮಾಡಿದರೆ ಸುಮಾರು 14 ಟನ್ ತೂಕದಷ್ಟೆಂದು ಉತ್ತರ ಬರುತ್ತದೆ! ಅದು ನಿಜವಾಗಿದ್ದರೆ ಯಾವ ಪ್ಲಗ್ಗೂ ಉಳಿಯುತ್ತಿರಲಿಲ್ಲ. ಯಂತ್ರಶಿಲ್ಪಿಗಳು ಅನುಭವದಿಂದ ಕಂಡುಕೊಂಡ ಸೂತ್ರದ ಪ್ರಕಾರ ಅದು ಸುಮಾರು 10,000 ನ್ಯೂಟನ್, ಎಂದರೆ ಒಂದು ಟನ್ನಿನ ಆಸುಪಾಸು. ಕೈಯಿಂದ ನಾವು ಕೊಡುವ ಶ್ರಮದಲ್ಲಿ ಹದಿನಾಲ್ಕನೆಯ ಒಂದು ಪಾಲು ಮಾತ್ರ ಬಿಗಿತವಾಗಿ ನಿಲ್ಲುತ್ತದೆ. ಉಳಿದುದನ್ನೆಲ್ಲ ಘರ್ಷಣೆ ನುಂಗುತ್ತದೆ. ತರಗತಿಯಲ್ಲಿ ನಾವು "ಘರ್ಷಣೆಯನ್ನು ಅಲಕ್ಷಿಸಿ" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ವಿಷಯದ ಹದಿಮೂರು ಪಾಲನ್ನು!

ಒಂದು ಟನ್ನಿನ ಎಳೆತದ ಮುಂದೆ 770 ನ್ಯೂಟನ್ನಿನ ಒದೆತ ಏನೇನೂ ದೊಡ್ಡದಲ್ಲ. ಸರಿಯಾಗಿ ಬಿಗಿದ ಪ್ಲಗ್ಗನ್ನು ಅನಿಲದ ಒತ್ತಡವು ಅಲುಗಿಸಲಾರದು. ಸುತ್ತುಗಳನ್ನು ಕೆಡಿಸುವುದು ಒಳಗಿನ ಬೆಂಕಿಗಿಂತ ಹೆಚ್ಚಾಗಿ ಹೊರಗಿನ ಕೈ. ಕಾಲು ಮೀಟರಿನ ಸ್ಪ್ಯಾನರಿನ ತುದಿಯಲ್ಲಿ 12 ಕಿಲೋಗ್ರಾಮು ತೂಕದಷ್ಟು ಎಳೆದರೆ 30 ನ್ಯೂಟನ್-ಮೀಟರು ಆಗಿಹೋಯಿತು. ಕೊಳವೆ ತೊಡಿಸಿ ಅರ್ಧ ಮೀಟರು ಮಾಡಿಕೊಂಡು 25 ಕಿಲೋಗ್ರಾಮಿನಷ್ಟು ಎಳೆದರೆ, ಅದು ಯಾರಿಗೂ ಕಷ್ಟವಲ್ಲ, 120ನ್ನು ಮೀರುತ್ತದೆ. ನಾವು ಮಾಡಿದ್ದು ಇದನ್ನೇ.

ಇಲ್ಲಿ ಇನ್ನೊಂದು ಸಂಗತಿಯಿದೆ. ಹದಿನೈದು ಸುತ್ತುಗಳಿದ್ದರೆ ಪ್ರತಿಯೊಂದೂ ಹೊರೆಯ ಹದಿನೈದನೆಯ ಒಂದು ಪಾಲನ್ನು ಹೊರುತ್ತದೆಂದು ತೋರುವುದು ಸಹಜ. ವಾಸ್ತವವಾಗಿ ಪ್ಲಗ್ಗಿನ ಆಸನಕ್ಕೆ ಹತ್ತಿರವಿರುವ ಮೊದಲ ಸುತ್ತೇ ಸುಮಾರು ಮೂರನೆಯ ಒಂದು ಪಾಲನ್ನು ಹೊತ್ತು, ಮುಂದಿನವು ಕಡಮೆ ಕಡಮೆ ಹೊರುತ್ತವೆ. ಪಲ್ಲಕ್ಕಿ ಹೊರುವಾಗ ಎತ್ತರದವನ ಹೆಗಲಿಗೆ ಭಾರವೆಲ್ಲ ಬಿದ್ದಂತೆ. ಆ ಮೊದಲ ಸುತ್ತು ಹರಿದೊಡನೆ ಹೊರೆ ಎರಡನೆಯದರ ಮೇಲೆ ಬೀಳುತ್ತದೆ, ಅದೂ ಹರಿಯುತ್ತದೆ, ಹೀಗೆ ಒಂದರ ಹಿಂದೊಂದು. ಓರೆಯಾಗಿ ಕೂತ ಪ್ಲಗ್ಗಿನಲ್ಲಂತೂ ಹಿಡಿತ ಮೊದಲೇ ಅರೆಬರೆ. ನಮ್ಮ ಕೈಗೆ "ಒಮ್ಮೆಗೇ" ಎಂದು ತೋರಿದ್ದು ಹೀಗೆ ಸಾಲಾಗಿ ನಡೆದ ಸೋಲು.

ಈಗ ಲೇತಿನ ಯಜಮಾನರ ಸುರುಳಿಯ ವಿಚಾರ. ಕೆಟ್ಟ ತೂತಿನ ಸುತ್ತುಗಳನ್ನು ಪೂರ್ತಿಯಾಗಿ ಕೊರೆದು ತೆಗೆದು, ಟ್ಯಾಪು ಎಂಬ ಉಪಕರಣದಿಂದ ತುಸು ದೊಡ್ಡ ವ್ಯಾಸದ ಹೊಸ ಸುತ್ತುಗಳನ್ನು ಕೊರೆಯುತ್ತಾರೆ. ವ್ಯಾಸ ಹೆಚ್ಚಾದರೂ ಸುತ್ತುಗಳ ಅಂತರ ಅದೇ 1.25 ಮಿಲಿಮೀಟರು. ಅದರೊಳಗೆ ತುಕ್ಕು ಹಿಡಿಯದ ಉಕ್ಕಿನ ತಂತಿಯ ಸುರುಳಿಯೊಂದನ್ನು ತಿರುಗಿಸಿ ಕೂರಿಸುತ್ತಾರೆ. ಹೆಲಿಕಾಯಿಲ್ ಎಂಬುದು ಅದಕ್ಕೆ ಬಳಕೆಯಾಗಿರುವ ಹೆಸರು. ತಂತಿಯ ಅಡ್ಡಕೊಯ್ತ ವಜ್ರಾಕೃತಿ. ಅದರ ಹೊರ ಏಣು ಅಲ್ಯೂಮಿನಿಯಮ್ಮಿನ ಹೊಸ ಸುತ್ತಿನಲ್ಲಿ ಕೂರುತ್ತದೆ, ಒಳ ಏಣು ಪ್ಲಗ್ಗಿಗೆ ಮೊದಲಿನ 14 ಮಿಲಿಮೀಟರಿನ ಸುತ್ತಾಗಿ ಒದಗುತ್ತದೆ. ಸುರುಳಿಯು ತೂತಿಗಿಂತ ತುಸು ದೊಡ್ಡದಾಗಿರುವುದರಿಂದ ಸ್ಪ್ರಿಂಗಿನಂತೆ ಹೊರಕ್ಕೆ ಒತ್ತಿಕೊಂಡು ಅಲ್ಲಿಯೇ ನಿಲ್ಲುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ನಾವು ತಂದುಕೊಟ್ಟ ಪೆಟ್ಟಿಗೆಯಲ್ಲಿ ಟ್ಯಾಪು, ಸುರುಳಿಗಳು ಮತ್ತು ಕೂರಿಸುವ ಸಲಕರಣೆ ಎಲ್ಲವೂ ಇದ್ದವು. ಅದರ ಬೆಲೆಯನ್ನು ಹೊಸ ಹೆಡ್ಡಿನ ಬೆಲೆಯೊಡನೆ ಹೋಲಿಸುವುದೇ ಹಾಸ್ಯಾಸ್ಪದ.

ಇದು ಗಟ್ಟಿಯೇಕೆ? ಅಲ್ಯೂಮಿನಿಯಂ ಸುತ್ತು ಹರಿಯುವುದು ಅದರ ಬುಡದಲ್ಲಿ, ಒಂದು ಉರುಳೆಯ ಮೈಯುದ್ದಕ್ಕೂ. ಆ ಮೈಯ ವಿಸ್ತೀರ್ಣವು ವ್ಯಾಸಕ್ಕೆ ಅನುಗುಣ. ಸುರುಳಿಗಾಗಿ ವ್ಯಾಸವು 14ರಿಂದ ಸುಮಾರು 15.6 ಮಿಲಿಮೀಟರಿಗೆ ಏರಿದಾಗ ಹರಿಯಬೇಕಾದ ಲೋಹ ನೂರಕ್ಕೆ ಹನ್ನೊಂದರಷ್ಟು ಹೆಚ್ಚಿತು. ಇದು ಮೊದಲ ಲಾಭ. ಎರಡನೆಯದು ಇನ್ನೂ ದೊಡ್ಡದು: ಸುರುಳಿಯ ಒಂದೊಂದು ಸುತ್ತೂ ತನ್ನಷ್ಟಕ್ಕೆ ಅಲ್ಪಸ್ವಲ್ಪ ಸರಿದುಕೊಳ್ಳಬಲ್ಲದು. ಆದುದರಿಂದ ಮೊದಲ ಸುತ್ತಿನ ಮೇಲೆಯೇ ಬೀಳುತ್ತಿದ್ದ ಹೊರೆ ಕೆಳಗಿನವುಗಳಿಗೂ ಹಂಚಿಹೋಗುತ್ತದೆ. ಪಲ್ಲಕ್ಕಿಯವರೆಲ್ಲ ಒಂದೇ ಎತ್ತರಕ್ಕೆ ಬಂದಂತಾಯಿತು. ಮೂರನೆಯದಾಗಿ, ಪ್ಲಗ್ಗನ್ನು ತೆಗೆದುಹಾಕುವಾಗಲೆಲ್ಲ ಉಕ್ಕು ಉಜ್ಜುವುದು ಇನ್ನು ಮೆತ್ತನೆಯ ಅಲ್ಯೂಮಿನಿಯಮ್ಮನ್ನಲ್ಲ, ಉಕ್ಕನ್ನು.

ಹಳೆಯದಕ್ಕೆ ಹಾಕಿದ ತೇಪೆಯೆಂದು ಇದನ್ನು ಹೀಗಳೆಯುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಮೆರಿಕದ ಲೈಕಮಿಂಗ್ ಮತ್ತು ಕಾಂಟಿನೆಂಟಲ್ ಕಂಪೆನಿಗಳ ಸಣ್ಣ ವಿಮಾನಗಳ ಇಂಜಿನ್ನುಗಳಲ್ಲಿ ಅಲ್ಯೂಮಿನಿಯಂ ಹೆಡ್ಡಿನ ಪ್ಲಗ್ ತೂತುಗಳಿಗೆ ಕಾರ್ಖಾನೆಯಲ್ಲಿಯೇ, ಹೊಸದಾಗಿರುವಾಗಲೇ, ಇಂಥ ತಂತಿಸುರುಳಿ ಕೂರಿಸಿರುತ್ತಾರೆ. ಅಲ್ಲಿ ಪ್ಲಗ್ಗುಗಳನ್ನು ಮತ್ತೆ ಮತ್ತೆ ತೆಗೆದು ಪರೀಕ್ಷಿಸಬೇಕು. ಬರಿಯ ಅಲ್ಯೂಮಿನಿಯಂ ಅದನ್ನು ತಾಳದು. ಆಕಾಶದಲ್ಲಿ ಹಾರುವ ಯಂತ್ರಕ್ಕೆ ಮೂಲಭಾಗವಾಗಿ ಸಲ್ಲುವುದು ಬೀದಿಯಲ್ಲಿ ಓಡುವ ಕಾರಿಗೆ ತೇಪೆಯಾಗಿ ಕಾಣುವುದು ವಿಚಿತ್ರವಲ್ಲವೆ?

ಕಾರುಗಳ ಲೋಕದಲ್ಲಿಯೂ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಮೆರಿಕದ ಫೋರ್ಡ್ ಕಂಪೆನಿಯು 1990ರ ದಶಕದಿಂದ ತಯಾರಿಸಿದ, ಸಿಲಿಂಡರಿಗೆ ಎರಡೆರಡು ಕವಾಟಗಳಿದ್ದ 4.6 ಮತ್ತು 5.4 ಲೀಟರಿನ ಇಂಜಿನ್ನುಗಳ ಮೊದಲ ನಮೂನೆಗಳಲ್ಲಿ ಪ್ಲಗ್ಗಿಗೆ ನಾಲ್ಕೈದು ಸುತ್ತುಗಳ ಹಿಡಿತ ಮಾತ್ರವಿತ್ತು. ಪ್ಲಗ್ಗು ಸಡಿಲವಾದಾಗ ಆ ಅಲ್ಪ ಹಿಡಿತ ಸೋತು, ಅನಿಲದ ಒತ್ತಡವು ಪ್ಲಗ್ಗನ್ನೇ ಹೊರಕ್ಕೆ ಚಿಮ್ಮಿಸಿದ ಪ್ರಸಂಗಗಳು ಅಲ್ಲಿ ನಡೆದವು. ಹಿಂದೆ ಹೇಳಿದ ಲೆಕ್ಕಕ್ಕೆ ಇದೇನೂ ವಿರುದ್ಧವಲ್ಲ. ಬಿಗಿತ ಹೋದ ಮೇಲೆ ಒದೆತವನ್ನೆಲ್ಲ ಸುತ್ತುಗಳೇ ನೇರವಾಗಿ, ಸೆಕೆಂಡಿಗೆ ಇಪ್ಪತ್ತೈದು ಬಾರಿ, ತಾಳಬೇಕಾಗುತ್ತದೆ. ಮುಂದಿನ ನಮೂನೆಗಳಲ್ಲಿ ಸುತ್ತುಗಳ ಸಂಖ್ಯೆಯನ್ನು ಹೆಚ್ಚಿಸಲಾಯಿತು. ಕೆಟ್ಟುಹೋದವುಗಳ ವಿಷಯದಲ್ಲಿ, ಹೆಡ್ಡನ್ನು ಬದಲಿಸುವ ಬದಲು ತೂತಿಗೆ ಅಲ್ಯೂಮಿನಿಯಂ ಬುಷ್ ತೊಡಿಸಿ ಸರಿಪಡಿಸುವುದಕ್ಕೆ ಕಂಪೆನಿಯು 2007ರಲ್ಲಿ ತನ್ನ ಕೆಲಸಗಾರರಿಗೆ ಕೊಟ್ಟ ಸೂಚನೆಯಲ್ಲಿ ಒಪ್ಪಿಗೆಯಿತ್ತಿತು. ಯಂತ್ರವನ್ನು ಮಾಡಿದವರೇ ರಿಪೇರಿಯನ್ನು ಒಪ್ಪಿರುವಾಗ, ನಮ್ಮ ಗ್ಯಾರೇಜುಗಳ "ನಿಲ್ಲುವುದಿಲ್ಲ" ಎಂಬ ತೀರ್ಪಿಗೆ ಆಧಾರವೇನು?

ಆದರೂ ಎದುರುಪಕ್ಷಕ್ಕೆ ನ್ಯಾಯ ಸಲ್ಲಿಸಬೇಕು. ಅವರ ಸಂದೇಹಗಳಲ್ಲಿ ಎರಡು ತೂಕವುಳ್ಳವು. ಒಂದು, ಶಾಖದ ಮಾತು. ಪ್ಲಗ್ಗಿನ ತುದಿಯು ಸುಮಾರು 500 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಿದ್ದರೆ ಅದರ ಮೇಲೆ ಮಸಿ ಕಟ್ಟುತ್ತದೆ. 850ನ್ನು ಮೀರಿದರೆ ಕಿಡಿಗೆ ಮೊದಲೇ ಇಂಧನ ಹೊತ್ತಿಕೊಳ್ಳುತ್ತದೆ. ಹೆಚ್ಚಿನ ಶಾಖ ಹೊರಕ್ಕೆ ಹರಿದುಹೋಗುವುದು ಆಸನದ ಮತ್ತು ಸುತ್ತುಗಳ ಮೂಲಕ. ತುಕ್ಕು ಹಿಡಿಯದ ಉಕ್ಕು ಅಲ್ಯೂಮಿನಿಯಮ್ಮಿಗಿಂತ ತೀರ ಮಂದವಾದ ಶಾಖವಾಹಕ. ಆದರೆ ತಂತಿ ತೆಳುವಾದದ್ದು, ಎರಡು ಕಡೆಯೂ ಒತ್ತಿಕೊಂಡಿರುವಂಥದು. ಪ್ಲಗ್ಗಿನ ಆಸನವಂತೂ ಮೊದಲಿನಂತೆಯೇ ಹೆಡ್ಡಿಗೆ ತಾಗಿರುತ್ತದೆ. ಸುರುಳಿ ಸರಿಯಾಗಿ ಕೂತಿದ್ದರೆ ಭಯವಿಲ್ಲ. ಅದರ ತುದಿ ಉರಿಗೂಡಿನೊಳಕ್ಕೆ ಚಾಚಿಕೊಂಡಿದ್ದರೆ ಮಾತ್ರ ಭಯವಿದೆ. ಆ ತುದಿಯೇ ಕೆಂಡವಾಗಿ ಹೊತ್ತಲ್ಲದ ಹೊತ್ತಿನಲ್ಲಿ ಬೆಂಕಿ ಹಚ್ಚುತ್ತದೆ. ಎರಡು, ಕೊರೆಯುವಾಗ ಉದುರುವ ಚೂರುಗಳು ಸಿಲಿಂಡರಿನೊಳಗೆ ಬೀಳುವ ಅಪಾಯ. ಯಜಮಾನರು ಟ್ಯಾಪಿನ ಗಾಡಿಗಳಿಗೆ ದಪ್ಪನಾಗಿ ಗ್ರೀಸು ಮೆತ್ತಿ, ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸುತ್ತ, ಪದೇ ಪದೇ ಹೊರತೆಗೆದು ಒರೆಸುತ್ತ ಹೋದರು. ಚೂರುಗಳೆಲ್ಲ ಗ್ರೀಸಿಗೆ ಅಂಟಿಕೊಂಡು ಹೊರಬಂದವು. ಕೊನೆಗೆ ಪ್ಲಗ್ಗು ಹಾಕುವ ಮೊದಲು ಇಂಜಿನ್ನನ್ನು ಕ್ಷಣಕಾಲ ತಿರುಗಿಸಿ, ಉಳಿದಿದ್ದರೆ ಅದೂ ಗಾಳಿಯೊಡನೆ ಹೊರಬೀಳುವಂತೆ ಮಾಡಿದರು. ಮುಕ್ಕಾಲು ಗಂಟೆಯ ಕೆಲಸ. ಅದರಲ್ಲಿ ಅರ್ಧ ಗಂಟೆ ಒರೆಸಿದ್ದೇ ಆಯಿತು.

ತೂತನ್ನು ಓರೆಯಾಗಿ ಕೊರೆದರೆ, ಅಥವಾ ಹೆಡ್ಡಿನಲ್ಲಿಯೇ ತೂತಿನಿಂದ ಕವಾಟದ ಕಡೆಗೆ ಬಿರುಕು ಹೋಗಿದ್ದರೆ, ಯಾವ ಸುರುಳಿಯೂ ಉಪಯೋಗಕ್ಕೆ ಬಾರದು. ಆಗ ಹೆಡ್ಡನ್ನು ಬದಲಿಸಲೇಬೇಕು. ಮೊದಲ ಎರಡು ಮೂರು ಸುತ್ತುಗಳು ಮಾತ್ರ ಜಜ್ಜಿಹೋಗಿದ್ದರೆ ಸುರುಳಿಯೂ ಬೇಡ. ಒಳಗಿನ ಒಳ್ಳೆಯ ಸುತ್ತುಗಳಿಂದ ಹೊರಕ್ಕೆ ಬರುತ್ತ ಕೆಟ್ಟವನ್ನು ತಿದ್ದುವ ಉಪಕರಣವೇ ಇದೆ. ಹೀಗೆ ನೋಡಿ, ಅಳೆದು, ಅನಂತರ ತೀರ್ಮಾನಿಸಬೇಕು. ನಮ್ಮ ಆಕ್ಷೇಪಣೆ ಇರುವುದು ನೋಡುವುದಕ್ಕೆ ಮೊದಲೇ ಮಾಡುವ ತೀರ್ಮಾನಕ್ಕೆ. ಅದಿರಿನಿಂದ ಹೊಸದಾಗಿ ಒಂದು ಕಿಲೋಗ್ರಾಮು ಅಲ್ಯೂಮಿನಿಯಂ ಪಡೆಯಲು ವಿದ್ಯುದ್ವಿಭಜನೆಯೊಂದಕ್ಕೇ ಸುಮಾರು 14 ಯೂನಿಟ್ ವಿದ್ಯುತ್ತು ಬೇಕೆಂಬುದನ್ನು ರಸಾಯನ ವಿಜ್ಞಾನದ ವಿದ್ಯಾರ್ಥಿಗಳು ಈ ಸಂದರ್ಭದಲ್ಲಿ ನೆನೆಯಬಹುದು.

ಯಜಮಾನರೊಡನೆಯೂ ನಮಗೆ ಒಂದು ಭಿನ್ನಾಭಿಪ್ರಾಯ ಉಂಟಾಯಿತು. ಹೊಸ ಪ್ಲಗ್ಗಿಗೆ ಅವರು ಎಣ್ಣೆ ಸವರಹೊರಟಾಗ ನಾವು ತಡೆದೆವು. ಘರ್ಷಣೆ ಹದಿಮೂರು ಪಾಲನ್ನು ನುಂಗುವುದೆಂದು ಮೇಲೆ ಹೇಳಿದೆವಷ್ಟೆ; ಎಣ್ಣೆ ಸವರಿದರೆ ಅದು ನುಂಗುವುದು ಕಡಮೆಯಾಗಿ, ಅದೇ ಕೈ ಅದೇ ಸ್ಪ್ಯಾನರಿನಿಂದ ಬಿಗಿದಾಗಲೂ ಎಳೆತ ಹೆಚ್ಚಾಗುತ್ತದೆ. ಎನ್‌ಜಿಕೆಯಂಥ ತಯಾರಕರು ತಮ್ಮ ಪ್ಲಗ್ಗಿನ ಸುತ್ತುಗಳಿಗೆ ಲೋಹದ ಲೇಪ ಕೊಟ್ಟಿರುವುದರಿಂದ ಏನನ್ನೂ ಸವರಬೇಡಿರೆಂದೇ ಹೇಳುತ್ತಾರೆ. "ಮೂವತ್ತು ವರ್ಷದಿಂದ ಸವರುತ್ತಿದ್ದೇನೆ, ಏನೂ ಆಗಿಲ್ಲ" ಎಂದರು ಅವರು. ಅವರ ಕೈಯ ಅಂದಾಜು ಅಷ್ಟು ನಯವಾದದ್ದು. ಎಣ್ಣೆಗೆ ತಕ್ಕಂತೆ ತಾನಾಗಿಯೇ ಹಗುರಾಗುತ್ತಿದ್ದಿರಬೇಕು. ನಮ್ಮ ಕೈ ಅಂಥದಲ್ಲ.

ಇನ್ನೊಂದು ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಯೊಬ್ಬ ಕೇಳಿದನು. ಕಾದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಇಂಜಿನ್ನು ಬಿಸಿಯಿರುವಾಗ ತೂತು ಸಡಿಲವಾಗಿ ಪ್ಲಗ್ಗು ಸುಲಭವಾಗಿ ಬರಬೇಕಲ್ಲ, ತಣ್ಣಗಾಗುವವರೆಗೆ ಕಾಯಬೇಕೆಂದು ಹೇಳುವುದೇಕೆ? ಪ್ರಶ್ನೆ ಚೆನ್ನಾಗಿದೆ. 80 ಡಿಗ್ರಿ ಏರಿದಾಗ 14 ಮಿಲಿಮೀಟರಿನ ವ್ಯಾಸದಲ್ಲಿ ಈ ಹಿಗ್ಗುವಿಕೆಯ ವ್ಯತ್ಯಾಸ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಮಾತ್ರ. ಆದರೆ ಉದ್ದದ ದಿಕ್ಕಿನಲ್ಲಿಯೂ ಅಲ್ಯೂಮಿನಿಯಂ ಹೆಚ್ಚು ಹಿಗ್ಗಿ ಪ್ಲಗ್ಗಿನ ಮೈಯನ್ನು ಇನ್ನಷ್ಟು ಎಳೆಯುತ್ತದೆಂಬುದನ್ನು ಮರೆಯಬಾರದು. ಕಾದ ಅಲ್ಯೂಮಿನಿಯಂ ಮೆತ್ತಗೂ ಆಗಿರುತ್ತದೆ. ಉಕ್ಕಿಗೆ ಅಂಟಿಕೊಂಡು ಕಿತ್ತುಬರುವ ಸ್ವಭಾವವೂ ಅದಕ್ಕುಂಟು. ಆದುದರಿಂದ ಕಾಯುವುದೇ ಸರಿ. ಹಾಗೆಯೇ, ಪ್ಲಗ್ಗನ್ನು ಕೂರಿಸುವಾಗ ಸ್ಪ್ಯಾನರನ್ನು ದೂರವಿಟ್ಟು ಅದರ ಬಿಳಿಯ ಪಿಂಗಾಣಿಯ ತುದಿಗೆ ಒಂದು ಗೇಣು ರಬ್ಬರು ಕೊಳವೆ ತೊಡಿಸಬೇಕು. ಮೊದಲು ಹಿಂದಕ್ಕೆ ತಿರುಗಿಸಿ, ಸುತ್ತಿನ ಬಾಯಿ ಸುತ್ತಿಗೆ ಸೇರಿ ಪ್ಲಗ್ಗು ತುಸುವೇ ಕೆಳಕ್ಕೆ ಇಳಿದದ್ದು ಬೆರಳಿಗೆ ತಿಳಿದ ಮೇಲೆ ಮುಂದಕ್ಕೆ ತಿರುಗಿಸಬೇಕು. ಓರೆಯಾಗಿ ಕಚ್ಚಿದರೆ ರಬ್ಬರು ಜಾರುತ್ತದೆಯೇ ಹೊರತು ಲೋಹ ಹರಿಯುವುದಿಲ್ಲ. ಎರಡು ರೂಪಾಯಿಯ ಈ ಕೊಳವೆಯನ್ನು ಯಜಮಾನರು ನಮ್ಮ ಕೈಗಿತ್ತಾಗ ನಮಗೆ ನಾಚಿಕೆಯಾದದ್ದು ಸುಳ್ಳಲ್ಲ.

ಭೌತವಿಜ್ಞಾನದ ಪ್ರಯೋಗಶಾಲೆಗಳಲ್ಲಿ ತಂತಿಯನ್ನು ತೂಗುಹಾಕಿ ಯಂಗನ ಗುಣಾಂಕ ಅಳೆಯುವ ಪ್ರಯೋಗ ಎಷ್ಟೋ ಕಾಲದಿಂದ ನಡೆದುಬಂದಿದೆ. ಅದು ಬೇಡವೆಂದು ನಾವು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಅಲ್ಯೂಮಿನಿಯಮ್ಮಿನ ಒಂದು ದಿಮ್ಮಿ, ಅದರಲ್ಲಿ ಹತ್ತು ತಿರುಪಿನ ತೂತುಗಳು, ಒಂದು ಟಾರ್ಕ್ ಸ್ಪ್ಯಾನರು ಇರಲಿ ಎನ್ನುತ್ತೇವೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ತೂತನ್ನು ಹರಿಯುವವರೆಗೆ ಬಿಗಿದು ಅಂಕಿಯನ್ನು ಬರೆದುಕೊಳ್ಳಲಿ. ಅನಂತರ ಅದನ್ನು ಸುರುಳಿ ಹಾಕಿ ಸರಿಪಡಿಸಿ ಪುನಃ ಹರಿಯುವವರೆಗೆ ಬಿಗಿಯಲಿ. ಎಣ್ಣೆ ಸವರಿಯೂ ನೋಡಲಿ. ವಸ್ತು ಹಾಳಾಗುತ್ತದೆಂದು ಆಕ್ಷೇಪಿಸುವವರಿದ್ದಾರೆ. ಹತ್ತು ತೂತುಗಳ ದಿಮ್ಮಿ ಹಾಳಾದರೆ ಕರಗಿಸಬಹುದು.

ಈ ಸಲದ ಅವಧಿಯಲ್ಲಿ ನಮ್ಮ ಕಾಲೇಜಿನಲ್ಲಿ ಇಂಥ ಒಂದು ದಿಮ್ಮಿಯನ್ನು ಮೇಜಿಗೆ ಬಿಗಿದು ಇಟ್ಟಿದ್ದೇವೆ. ತೂತುಗಳನ್ನು ಕೊರೆದುಕೊಟ್ಟವರು ಯಜಮಾನರೇ. ಮೊದಲ ತಂಡವು ಹೋದ ವಾರ ನಾಲ್ಕನ್ನು ಕೆಡಿಸಿ ಮುಗಿಸಿದೆ. ಸರಿಪಡಿಸುವುದನ್ನು ತೋರಿಸಿಕೊಡಲು ಬರುವ ಶನಿವಾರ ಅವರು ಬರುತ್ತಾರೆ. ಅವರ ಪ್ರಶ್ನೆಗೆ ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವುದಾಗಿ ನಾವು ಮಾತುಕೊಟ್ಟಿದ್ದೇವೆ.